ಕರ್ತೃವೋ ಕರಣವೋ: ರೋಬೋಟ್‌ ಮಾಡಿದ ತಪ್ಪಿನ ಹೊಣೆ ಯಾರದು?

ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಲಾರಿ ಹರಿದು ಬಾಲಕ ಸಾವು’, ‘ಬಸ್ ಡಿಕ್ಕಿ: ಬೈಕ್ ಸವಾರ ಮೃತ್ಯು’ ಎಂಬ ಶೀರ್ಷಿಕೆಗಳು ಎಷ್ಟು ಮಾಮೂಲಿಯೆಂದರೆ ಅವುಗಳ ವ್ಯಾಕರಣದ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ವಾಕ್ಯದ ಪ್ರಕಾರ ಹರಿದದ್ದು ಲಾರಿ, ಡಿಕ್ಕಿ ಹೊಡೆದದ್ದು ಬಸ್ಸು. ಆದರೂ ಸುದ್ದಿ ಓದಿದವರು ಮೊದಲು ಹುಡುಕುವುದು ಚಾಲಕನನ್ನು: ಕುಡಿದಿದ್ದನೇ, ನಿದ್ದೆಗೆ ಜಾರಿದ್ದನೇ, ಗಾಡಿ ಬಿಟ್ಟು ಪರಾರಿಯಾದನೇ? ಪ್ರಕರಣ ದಾಖಲಾಗುವುದು ಅವನ ಮೇಲೆ. ಲಾರಿಯನ್ನು ತಂದು ಠಾಣೆಯ ಆವರಣದಲ್ಲಿ ನಿಲ್ಲಿಸುತ್ತಾರೆ, ಅಷ್ಟೆ. ಚಾಲಕನ ಸೀಟಿನಲ್ಲಿ ಯಾರೂ ಇಲ್ಲದ ದಿನ ಈ ಹುಡುಕಾಟ ಎಲ್ಲಿಗೆ ಹೋಗಿ ನಿಲ್ಲಬೇಕು ಎಂಬುದೇ ‘ರೋಬೋಟ್ ನೈತಿಕ ಕರ್ತೃವಾಗಬಲ್ಲದೇ’ ಎಂಬ ಪ್ರಶ್ನೆಯ ನೆಲಮಟ್ಟದ ರೂಪ.

ನಮ್ಮ ವ್ಯಾಕರಣ ಪರಂಪರೆಯಲ್ಲಿ ಈ ಪ್ರಶ್ನೆಗೆ ಬೇಕಾದ ಪದಗಳು ಸಿದ್ಧವಾಗಿಯೇ ಇವೆ. ‘ಅವನು ಕೊಡಲಿಯಿಂದ ಮರ ಕಡಿದನು’ ಎಂಬಲ್ಲಿ ಅವನು ಕರ್ತೃ, ಕೊಡಲಿ ಕರಣ, ಅಂದರೆ ಸಾಧನ. ಕರ್ತೃ ಯಾರೆಂದರೆ ಸ್ವತಂತ್ರನಾದವನು ಎಂದು ಪಾಣಿನಿ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಅದರ ಮುಂದಿನ ಸೂತ್ರದಲ್ಲೇ, ಆ ಸ್ವತಂತ್ರನನ್ನು ಕೆಲಸಕ್ಕೆ ಹಚ್ಚಿದವನೂ ಕರ್ತೃವೇ ಎನ್ನುತ್ತಾನೆ. ಹಾಗೆ ಹಚ್ಚಿದವನಿಗೆ ಪ್ರಯೋಜಕ ಕರ್ತೃ ಎಂದು ಹೆಸರು. ಕನ್ನಡದ ‘ಮಾಡಿಸು’, ‘ಬರೆಸು’, ‘ಕೊಲ್ಲಿಸು’ಗಳ ಹಿಂದೆ ನಿಂತಿರುವವನು ಅವನೇ. ಇಷ್ಟಾಗಿಯೂ ‘ಈ ಈಳಿಗೆಮಣೆ ಚೆನ್ನಾಗಿ ಹೆಚ್ಚುತ್ತದೆ’ ಎಂದು ಕರಣವನ್ನೇ ಕರ್ತೃವಿನ ಜಾಗದಲ್ಲಿ ಕೂರಿಸಿ ಮಾತನಾಡಲು ಭಾಷೆ ಅವಕಾಶ ಕೊಡುತ್ತದೆ. ಅದು ಮಾತಿನ ಸಲುಗೆ. ಈ ಸಲುಗೆಯನ್ನು ಕಾನೂನಿಗೂ ನೀತಿಗೂ ಹಿಗ್ಗಿಸಬಹುದೇ ಎಂಬುದು ಈಗಿನ ತಕರಾರು, ಮತ್ತು ಹಾಗೆ ಹಿಗ್ಗಿಸಿದರೆ ಲಾಭವಾಗುವುದು ಪ್ರಯೋಜಕ ಕರ್ತೃವಿಗೆ ಎಂಬುದು ನನ್ನ ಅನುಮಾನ.

ಅನುಮಾನಕ್ಕೆ ಆಧಾರವಾಗಿ ಒಂದು ಸಾವನ್ನು ಹತ್ತಿರದಿಂದ ನೋಡಬೇಕು. 2018ರ ಮಾರ್ಚ್ 18ರ ರಾತ್ರಿ ಹತ್ತಕ್ಕೆ ಎರಡು ನಿಮಿಷವಿದ್ದಾಗ, ಅಮೆರಿಕದ ಅರಿಜೋನ ರಾಜ್ಯದ ಟೆಂಪಿ ನಗರದಲ್ಲಿ 49 ವರ್ಷದ ಮಹಿಳೆಯೊಬ್ಬರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಊಬರ್ ಸಂಸ್ಥೆ ಪರೀಕ್ಷೆಗೆ ಬಿಟ್ಟಿದ್ದ ಸ್ವಯಂಚಾಲಿತ ವೋಲ್ವೊ ಕಾರು ಗಂಟೆಗೆ ಸುಮಾರು 63 ಕಿ.ಮೀ. ವೇಗದಲ್ಲಿ ಅವರಿಗೆ ಗುದ್ದಿತು. ಸ್ವಯಂಚಾಲಿತ ಕಾರಿಗೆ ಸಿಕ್ಕಿ ಪಾದಚಾರಿ ಸತ್ತ ಮೊದಲ ಪ್ರಕರಣವೆಂದು ಇದು ದಾಖಲಾಯಿತು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2019ರ ನವೆಂಬರ್‌ನಲ್ಲಿ ಮುಗಿಸಿದ ತನಿಖೆಯ ವಿವರಗಳು ಯಾವ ತತ್ವಶಾಸ್ತ್ರದ ಪಾಠಕ್ಕಿಂತಲೂ ಹೆಚ್ಚು ತಿಳಿಸುತ್ತವೆ. ಗುದ್ದುವುದಕ್ಕೆ 5.6 ಸೆಕೆಂಡು ಮೊದಲೇ ಕಾರಿನ ರಾಡಾರ್ ಆಕೆಯನ್ನು ಗುರುತಿಸಿತ್ತು. ಆದರೆ ಗುರುತಿಸಿದ್ದು ಮನುಷ್ಯಳೆಂದಲ್ಲ. ಒಮ್ಮೆ ವಾಹನವೆಂದಿತು, ಮತ್ತೊಮ್ಮೆ ‘ಇತರೆ ವಸ್ತು’ ಎಂದಿತು, ಮಗದೊಮ್ಮೆ ಸೈಕಲ್ ಎಂದಿತು. ಜೀಬ್ರಾ ಪಟ್ಟೆ ಇಲ್ಲದ ಕಡೆಯಲ್ಲೂ ಜನ ರಸ್ತೆ ದಾಟಬಹುದು ಎಂಬ ಸಂಗತಿಯೇ ಆ ವ್ಯವಸ್ಥೆಯ ವಿನ್ಯಾಸದಲ್ಲಿ ಇರಲಿಲ್ಲ. ಹೆಸರು ಬದಲಾದಾಗಲೆಲ್ಲ ಆ ವಸ್ತು ಅದುವರೆಗೆ ಚಲಿಸಿ ಬಂದ ಹಾದಿಯ ಲೆಕ್ಕವನ್ನು ಕಂಪ್ಯೂಟರ್ ಕೈಬಿಟ್ಟು ಹೊಸದಾಗಿ ಶುರುಮಾಡುತ್ತಿತ್ತು. ಹಾಗಾಗಿ ಎದುರಿಗಿದ್ದವರು ಒಂದೇ ಸಮನೆ ನಡೆದು ಬರುತ್ತಿದ್ದಾರೆ ಎಂಬುದು ಅದಕ್ಕೆ ತಿಳಿಯಲೇ ಇಲ್ಲ.

ಇನ್ನು 1.2 ಸೆಕೆಂಡು ಉಳಿದಿದ್ದಾಗ ಡಿಕ್ಕಿ ಖಚಿತವೆಂದು ವ್ಯವಸ್ಥೆಗೆ ಗೊತ್ತಾಯಿತು. ಆಗಲೂ ಅದು ಬ್ರೇಕ್ ಹಾಕಲಿಲ್ಲ. ಸುಳ್ಳು ಎಚ್ಚರಿಕೆಗೆ ಬೆದರಿ ಕಾರು ಸುಮ್ಮಸುಮ್ಮನೆ ಗಕ್ಕನೆ ನಿಲ್ಲಬಾರದೆಂದು, ಅಪಾಯ ಕಂಡರೂ ಒಂದು ಸೆಕೆಂಡು ತಡೆದು ನೋಡಬೇಕೆಂಬ ಸೂಚನೆಯನ್ನು ಎಂಜಿನಿಯರುಗಳು ಅದರೊಳಗೆ ಬರೆದಿಟ್ಟಿದ್ದರು. ವೋಲ್ವೊ ಕಾರಿಗೆ ಕಾರ್ಖಾನೆಯಿಂದಲೇ ಬಂದಿದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನೂ ಸ್ವಯಂಚಾಲನೆಯ ಹೊತ್ತಿನಲ್ಲಿ ಕೆಲಸ ಮಾಡದಂತೆ ಮಾಡಲಾಗಿತ್ತು. ಆ ಒಂದು ಸೆಕೆಂಡು ಕಳೆದು, 0.2 ಸೆಕೆಂಡು ಉಳಿದಿದ್ದಾಗ ಕಾರಿನೊಳಗೆ ಎಚ್ಚರಿಕೆಯ ಸದ್ದು ಕೇಳಿಸಿತು.

ಈಗ ಕರ್ತೃ ಯಾರು? ಕಾರಿನಲ್ಲಿ ನಿಗಾ ವಹಿಸಲು ಒಬ್ಬರು ಕೂತಿದ್ದರು. ಆ ಹೊತ್ತಿನಲ್ಲಿ ಅವರ ಮೊಬೈಲ್‌ನಲ್ಲಿ ಟಿ.ವಿ. ಕಾರ್ಯಕ್ರಮವೊಂದು ಓಡುತ್ತಿತ್ತು, ಅವರ ಕಣ್ಣು ರಸ್ತೆಯ ಮೇಲಿರಲಿಲ್ಲ. ಕೆಲವು ತಿಂಗಳ ಹಿಂದಿನವರೆಗೆ ಇಂಥ ಪ್ರತಿ ಕಾರಿನಲ್ಲೂ ಇಬ್ಬರಿರುತ್ತಿದ್ದರು. ಕಂಪನಿ ಒಬ್ಬರನ್ನು ಕಡಿತ ಮಾಡಿತ್ತು. ಕಂಪನಿಯ ಸುರಕ್ಷತಾ ವ್ಯವಸ್ಥೆಯೇ ಸಮರ್ಪಕವಾಗಿರಲಿಲ್ಲವೆಂದು ತನಿಖಾ ಮಂಡಳಿ ಸ್ಪಷ್ಟವಾಗಿ ಬರೆಯಿತು. ಆದರೆ ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಆಧಾರವಿಲ್ಲವೆಂದು ಸರ್ಕಾರಿ ವಕೀಲರು ಅದಕ್ಕೂ ಮೊದಲೇ, 2019ರ ಮಾರ್ಚ್‌ನಲ್ಲಿ, ಹೇಳಿಯಾಗಿತ್ತು. ಸತ್ತವರ ಕುಟುಂಬದೊಂದಿಗೆ ಕಂಪನಿ ಎರಡೇ ವಾರದಲ್ಲಿ ರಾಜಿ ಮಾಡಿಕೊಂಡಿತ್ತು. ಕೊನೆಗೆ 2023ರ ಜುಲೈನಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡು ಮೂರು ವರ್ಷ ನಿಗಾವಣೆಯ ಶಿಕ್ಷೆ ಪಡೆದದ್ದು ಆ ಸೀಟಿನಲ್ಲಿ ಕೂತಿದ್ದ ಒಬ್ಬ ವ್ಯಕ್ತಿ ಮಾತ್ರ. ಮೊಬೈಲ್ ನೋಡಿದ್ದು ತಪ್ಪಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅಪಾಯ ಕಂಡ ಮೇಲೂ ಒಂದು ಸೆಕೆಂಡು ಕಾಯಬೇಕೆಂದು ತೀರ್ಮಾನಿಸಿದವರ ಹೆಸರು ಯಾವ ಆರೋಪಪಟ್ಟಿಯಲ್ಲೂ ಇಲ್ಲ.

ಮ್ಯಾಡೆಲಿನ್ ಕ್ಲೇರ್ ಎಲಿಷ್ ಎಂಬ ಮಾನವಶಾಸ್ತ್ರಜ್ಞೆ ಇದಕ್ಕೊಂದು ರೂಪಕ ಕೊಟ್ಟಿದ್ದಾರೆ. ಅಪಘಾತದ ಹೊಡೆತವನ್ನು ತಾನು ಹೀರಿಕೊಂಡು ಒಳಗಿರುವವರು ಉಳಿಯಲೆಂದು ಕಾರಿನ ಮುಂಭಾಗವನ್ನು ಸುಲಭವಾಗಿ ನುಜ್ಜುಗುಜ್ಜಾಗುವಂತೆ ಮಾಡಿರುತ್ತಾರಷ್ಟೆ. ಸ್ವಯಂಚಾಲಿತ ವ್ಯವಸ್ಥೆಗಳಲ್ಲಿ ಆ ಜಾಗದಲ್ಲಿ ಮನುಷ್ಯನನ್ನು ಇಟ್ಟಿರುತ್ತಾರೆ. ನೈತಿಕ ಹೊಡೆತವನ್ನು ಅವನು ಹೀರಿಕೊಳ್ಳುತ್ತಾನೆ, ವ್ಯವಸ್ಥೆ ಗೀರಿಲ್ಲದೆ ಉಳಿಯುತ್ತದೆ.

ಇದರ ಪುಟ್ಟ ಆವೃತ್ತಿಯೊಂದನ್ನು ನಾನು ಬೆಂಗಳೂರಿನ ಹೋಟೆಲೊಂದರಲ್ಲಿ ಕಂಡಿದ್ದೇನೆ. ಮೇಜಿನಿಂದ ಮೇಜಿಗೆ ತಟ್ಟೆ ಒಯ್ಯುವ, ಪರದೆಯ ಮೇಲೆ ನಗುಮುಖ ಹೊತ್ತ ಗಾಡಿಯೊಂದು, ಕೈತೊಳೆಯಲು ನಿಧಾನವಾಗಿ ಹೋಗುತ್ತಿದ್ದ ಅಜ್ಜಿಯೊಬ್ಬರ ಹಿಂದೆ ನಿಂತು, ಇಂಗ್ಲಿಷಿನಲ್ಲಿ ದಾರಿ ಬಿಡಿ ದಾರಿ ಬಿಡಿ ಎಂದು ಒಂದೇ ರಾಗದಲ್ಲಿ ಹೇಳತೊಡಗಿತು. ಗಾಬರಿಯಾದ ಅಜ್ಜಿ ಪಕ್ಕದ ಕುರ್ಚಿ ಹಿಡಿದುಕೊಂಡರು. ಓಡಿಬಂದದ್ದು ಮೇಜು ಒರೆಸುತ್ತಿದ್ದ ಹುಡುಗ. ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ‘ತಪ್ಪಾಯ್ತಮ್ಮ, ಅದಕ್ಕೆ ಗೊತ್ತಾಗಲ್ಲ’ ಎಂದು ಕೈಮುಗಿದ. ಗಾಡಿಯನ್ನು ಕೊಂಡವನು ಅವನಲ್ಲ, ಅದಕ್ಕೆ ಮಾತು ಕಲಿಸಿದವನೂ ಅಲ್ಲ. ಆದರೆ ಅಲ್ಲಿದ್ದವರಲ್ಲಿ ತಪ್ಪಾಯಿತೆಂದು ಹೇಳಲು ಶಕ್ತನಾದ ಒಂದೇ ಜೀವ ಅವನಾಗಿದ್ದ. ಅವನ ಎರಡನೆಯ ಮಾತಂತೂ ಈ ಇಡೀ ಚರ್ಚೆಯ ಒಂದು ಪಕ್ಷವನ್ನು ಎರಡು ಪದಗಳಲ್ಲಿ ಹೇಳಿಬಿಡುತ್ತದೆ.

ಇನ್ನೊಂದು ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ತತ್ವಶಾಸ್ತ್ರಜ್ಞ ಲುಚಿಯಾನೊ ಫ್ಲೊರಿಡಿ ಮತ್ತು ಜೆ.ಡಬ್ಲ್ಯು. ಸ್ಯಾಂಡರ್ಸ್ 2004ರಲ್ಲಿ ಮಂಡಿಸಿದ ವಾದ ಇಂದಿಗೂ ಈ ಪಕ್ಷದ ಬಲವಾದ ವಾದ. ಅವರ ಪ್ರಕಾರ ಕರ್ತೃವಾಗಲು ಮನಸ್ಸೋ ಪಾಪಪ್ರಜ್ಞೆಯೋ ಇರಲೇಬೇಕೆಂದಿಲ್ಲ. ಪರಿಸರದೊಂದಿಗೆ ಕೊಡುಕೊಳ್ಳುವಿಕೆ, ಹೊರಗಿನ ಪ್ರಚೋದನೆಯಿಲ್ಲದೆಯೂ ತನ್ನ ಸ್ಥಿತಿಯನ್ನು ಬದಲಿಸಿಕೊಳ್ಳುವ ಸಾಮರ್ಥ್ಯ, ಅನುಭವದಿಂದ ತನ್ನ ನಡೆಯ ನಿಯಮಗಳನ್ನೇ ತಿದ್ದಿಕೊಳ್ಳುವ ಗುಣ ಇಷ್ಟಿದ್ದು, ಅದರ ಕ್ರಿಯೆಯಿಂದ ಒಳಿತು ಕೆಡುಕು ಉಂಟಾಗುವುದಾದರೆ ಅದನ್ನು ನೈತಿಕ ಕರ್ತೃವೆಂದು ಕರೆಯಬಹುದು. ಹೊಣೆಗಾರಿಕೆ ಬೇರೆಯೇ ವಿಷಯ, ಅದು ಮನುಷ್ಯರ ಬಳಿಯೇ ಉಳಿಯಬಹುದು ಎಂದು ಅವರು ಸೇರಿಸುತ್ತಾರೆ. ಕಾಗದದ ಮೇಲೆ ಈ ವಿಭಜನೆ ಅಚ್ಚುಕಟ್ಟಾಗಿದೆ. ಕೆಟ್ಟ ಯಂತ್ರವನ್ನು ತಡೆಯುವುದಕ್ಕೆ, ತಿದ್ದುವುದಕ್ಕೆ, ಬಳಕೆಯಿಂದ ತೆಗೆದುಹಾಕುವುದಕ್ಕೆ ಅದರ ಅಂತರಂಗದ ವಿಚಾರಣೆ ಬೇಕಿಲ್ಲ ಎಂಬುದೂ ಸರಿ.

ನನ್ನ ತೊಡಕಿರುವುದು ಕನ್ನಡದ ‘ಹೊಣೆ’ ಎಂಬ ಪದದಲ್ಲಿ. ಹೊಣೆ ನಿಲ್ಲುವುದೆಂದರೆ ಜಾಮೀನು ನಿಲ್ಲುವುದು: ಸಾಲ ತೀರದಿದ್ದರೆ ತನ್ನ ಹೊಲವನ್ನೋ ಮಾನವನ್ನೋ ಕಳೆದುಕೊಳ್ಳಲು ಸಿದ್ಧನಾಗಿ ನಿಲ್ಲುವುದು. ಕಳೆದುಕೊಳ್ಳಲು ಏನೂ ಇಲ್ಲದವರನ್ನು ಯಾರೂ ಹೊಣೆಗಾರರೆಂದು ಒಪ್ಪುವುದಿಲ್ಲ. ಚಾಟ್‌ಜಿಪಿಟಿಯಂಥ ಇಂದಿನ ಭಾಷಾ ಮಾದರಿಗಳು ತಮ್ಮ ತಪ್ಪಿಗೆ ಮನಕರಗುವಂಥ ಕ್ಷಮಾಪಣೆಯನ್ನು ಕನ್ನಡದಲ್ಲೇ ಬರೆದುಕೊಡುತ್ತವೆ, ಹಾಗೇಕೆ ಮಾಡಿದೆ ಎಂದು ಕೇಳಿದರೆ ಕಾರಣಗಳನ್ನೂ ಜೋಡಿಸಿಕೊಡುತ್ತವೆ. ಆ ಕ್ಷಮಾಪಣೆಯಿಂದ ಅವುಗಳಿಗೆ ಏನೂ ಖರ್ಚಾಗುವುದಿಲ್ಲ. ನಾಳೆ ಮತ್ತೊಬ್ಬರೆದುರು ಅದೇ ತಪ್ಪು ಮಾಡಿ ಅದೇ ಕ್ಷಮಾಪಣೆ ಬರೆಯಲು ಯಾವ ಅಡ್ಡಿಯೂ ಇಲ್ಲ. ಹಾಗಾದರೆ ಕಂಪನಿಗೆ ಎದೆಯಿದೆಯೇ, ಅದನ್ನು ಹೊಣೆ ಮಾಡುವುದಿಲ್ಲವೇ ಎಂದು ಕೇಳಬಹುದು. ಕಂಪನಿಗೆ ಎದೆಯಿಲ್ಲ ನಿಜ, ಆದರೆ ಗಲ್ಲಾಪೆಟ್ಟಿಗೆಯಿದೆ, ಪರವಾನಗಿಯಿದೆ, ಸಹಿ ಹಾಕಿದ ನಿರ್ದೇಶಕರಿದ್ದಾರೆ. ದಂಡ ವಿಧಿಸಿದರೆ ಅದು ಎಲ್ಲಿಯಾದರೂ ಹೋಗಿ ಚುಚ್ಚುತ್ತದೆ.

ಕಾನೂನು ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಕಂಡುಕೊಂಡಿದೆ. ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ ಎಂಬ ಹಳೆಯ ದಂಡಸಂಹಿತೆಯ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದುಕೊಂಡಿದೆ. ಏಳರಿಂದ ಹನ್ನೆರಡರ ನಡುವಿನ ಮಗುವಾದರೆ, ತಾನು ಮಾಡಿದ್ದರ ಸ್ವರೂಪವನ್ನೂ ಪರಿಣಾಮವನ್ನೂ ಅರಿಯುವಷ್ಟು ತಿಳಿವಳಿಕೆ ಅದಕ್ಕೆ ಬಂದಿತ್ತೇ ಎಂದು ನೋಡಬೇಕು. ಮಗು ಕಲ್ಲೆಸೆದದ್ದು ನಿಜ, ಕಿಟಕಿ ಒಡೆದದ್ದು ನಿಜ, ಆದರೂ ಅದು ತಪ್ಪಿತಸ್ಥನಲ್ಲ. ಅಂದರೆ ಕ್ರಿಯೆಗೆ ಕಾರಣವಾಗುವುದು ಬೇರೆ, ನೈತಿಕ ಕರ್ತೃವಾಗುವುದು ಬೇರೆ. ನಡುವೆ ಇರುವುದು ತಿಳಿವಳಿಕೆಯ ಒಂದು ಹೊಳೆ. ಮಗು ಬೆಳೆದು ಆ ಹೊಳೆಯನ್ನು ದಾಟುತ್ತದೆ ಎಂಬ ಭರವಸೆ ನಮಗಿದೆ. ಟೆಂಪಿಯ ಕಾರಿಗೆ ಎದುರಿಗಿರುವುದು ಮನುಷ್ಯಳೆಂಬ ಮೊದಲ ಅರಿವೇ ಇರಲಿಲ್ಲ. ಯಂತ್ರಗಳು ಎಂದೆಂದಿಗೂ ದಾಟಲಾರವೆಂದು ನಾನು ಬರೆದುಕೊಡಲಾರೆ. ಇವತ್ತಿನವು ಈಚೆ ದಡದಲ್ಲೇ ಇವೆ.

ದೇವರ ಉದಾಹರಣೆಯನ್ನು ಇಲ್ಲಿ ಹಲವರು ಎತ್ತುತ್ತಾರೆ. ಭಾರತದ ಕಾನೂನಿನಲ್ಲಿ ದೇವಸ್ಥಾನದ ವಿಗ್ರಹ ಕಾನೂನುಬದ್ಧ ವ್ಯಕ್ತಿ. ಬ್ರಿಟಿಷರ ಕಾಲದಲ್ಲಿ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ 1925ರಲ್ಲಿ ಒಪ್ಪಿದ ಈ ತತ್ವವನ್ನು 2019ರ ಅಯೋಧ್ಯೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಬಳಸಿತು, ರಾಮಲಲ್ಲಾ ಅಲ್ಲಿ ದಾವೆದಾರನಾಗಿದ್ದ. ವಿಗ್ರಹಕ್ಕೆ ಸಿಗುವ ವ್ಯಕ್ತಿತ್ವ ರೋಬೋಟ್‌ಗೆ ಏಕಿಲ್ಲ ಎಂಬುದು ಪ್ರಶ್ನೆ. ಆದರೆ ಈ ವ್ಯಕ್ತಿತ್ವ ಹುಟ್ಟಿದ್ದೇ ದೇವರ ಆಸ್ತಿಯನ್ನು ಮನುಷ್ಯರ ಕೈಯಿಂದ ಕಾಪಾಡಲಿಕ್ಕೆ. ಹಕ್ಕು ದೇವರದು, ಲೆಕ್ಕ ಒಪ್ಪಿಸಬೇಕಾದ ಕರ್ತವ್ಯ ಧರ್ಮದರ್ಶಿಗಳದು. ಹುಂಡಿಯ ಹಣ ಕಾಣೆಯಾದರೆ ದೇವರೇ ಹೊಣೆ ಎಂದು ಯಾವ ಮುಜರಾಯಿ ಅಧಿಕಾರಿಯೂ ಬರೆಯಲಾರ. ರೋಬೋಟ್‌ಗೆ ಕೊಡಬೇಕೆನ್ನುವ ವ್ಯಕ್ತಿತ್ವ ಇದರ ತಲೆಕೆಳಗು: ಹೊಣೆ ಯಂತ್ರದ್ದು, ಆಸ್ತಿ ಮಾಲೀಕರದು.

ಹಾಗೆ ಕೊಡುವ ಪ್ರಯತ್ನ ನಡೆಯದೆಯೂ ಇಲ್ಲ. 2017ರ ಫೆಬ್ರುವರಿಯಲ್ಲಿ ಯುರೋಪಿನ ಸಂಸತ್ತು, ಅತ್ಯಂತ ಮುಂದುವರಿದ ರೋಬೋಟ್‌ಗಳಿಗಾದರೂ ‘ಎಲೆಕ್ಟ್ರಾನಿಕ್ ವ್ಯಕ್ತಿ’ಯ ಸ್ಥಾನ ಕೊಡುವ ಸಾಧ್ಯತೆಯನ್ನು ಪರಿಶೀಲಿಸುವಂತೆ ನಿರ್ಣಯ ಮಾಡಿತು. ಮರುವರ್ಷ ನೂರೈವತ್ತಕ್ಕೂ ಹೆಚ್ಚು ತಜ್ಞರು ಬಹಿರಂಗ ಪತ್ರ ಬರೆದು ಇದನ್ನು ವಿರೋಧಿಸಿದರು. 2024ರಲ್ಲಿ ಜಾರಿಗೆ ಬಂದ ಯುರೋಪಿನ ಕೃತಕ ಬುದ್ಧಿಮತ್ತೆ ಕಾಯಿದೆಯಲ್ಲಿ ಆ ಕಲ್ಪನೆಯ ಸುಳಿವಿಲ್ಲ. ಬದಲಿಗೆ ಅದೇ ವರ್ಷದ ಉತ್ಪನ್ನ ಹೊಣೆಗಾರಿಕೆ ನಿಯಮದಲ್ಲಿ ಸಾಫ್ಟ್‌ವೇರನ್ನೂ ಉತ್ಪನ್ನವೆಂದೇ ಎಣಿಸಿದ್ದಾರೆ. ಸೌದಿ ಅರೇಬಿಯ 2017ರಲ್ಲಿ ಸೋಫಿಯಾ ಎಂಬ ರೋಬೋಟ್‌ಗೆ ಪೌರತ್ವ ಘೋಷಿಸಿದ್ದನ್ನು ಜಾಹೀರಾತಿನ ಲೆಕ್ಕಕ್ಕೆ ಬರೆದುಕೊಂಡರೆ ಸಾಕು.

ನ್ಯಾಯಪೀಠದ ಮುಂದೆ ಈ ವಾದ ಹೇಗೆ ಕೇಳಿಸುತ್ತದೆ ಎಂಬುದಕ್ಕೆ 2024ರ ಫೆಬ್ರುವರಿಯ ಒಂದು ಸಣ್ಣ ಪ್ರಕರಣವಿದೆ. ಅಜ್ಜಿ ತೀರಿಕೊಂಡಳೆಂದು ಊರಿಗೆ ಹೊರಟ ಪ್ರಯಾಣಿಕನೊಬ್ಬನಿಗೆ, ಪೂರ್ಣ ದರದಲ್ಲಿ ಟಿಕೆಟ್ ಕೊಂಡು ಆಮೇಲೆ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ಏರ್ ಕೆನಡಾದ ಚಾಟ್‌ಬಾಟ್ ತಿಳಿಸಿತ್ತು. ಕಂಪನಿಯ ನಿಯಮ ಹಾಗಿರಲಿಲ್ಲ. ಪ್ರಯಾಣಿಕ ಬ್ರಿಟಿಷ್ ಕೊಲಂಬಿಯಾದ ವ್ಯಾಜ್ಯ ಪರಿಹಾರ ಮಂಡಳಿಗೆ ಹೋದಾಗ, ಚಾಟ್‌ಬಾಟ್ ತನ್ನ ಕ್ರಿಯೆಗಳಿಗೆ ತಾನೇ ಹೊಣೆಯಾದ ಪ್ರತ್ಯೇಕ ಅಸ್ತಿತ್ವ ಎಂಬರ್ಥದ ವಾದವನ್ನು ಕಂಪನಿ ಮುಂದಿಟ್ಟಿತು. ಮಂಡಳಿ ಅದನ್ನು ಒಪ್ಪದೆ, ಜಾಲತಾಣದಲ್ಲಿರುವ ಎಲ್ಲ ಮಾಹಿತಿಗೂ ಕಂಪನಿಯೇ ಹೊಣೆ ಎಂದು ಹೇಳಿ ಪರಿಹಾರ ಕೊಡಿಸಿತು. ಇಲ್ಲಿದ್ದ ಮೊತ್ತ ಸಾವಿರ ಡಾಲರಿಗೂ ಕಡಿಮೆ. ಆದರೆ ರೋಬೋಟ್ ಸ್ವತಂತ್ರ ಕರ್ತೃವೆಂಬ ತತ್ವವನ್ನು ಜಗತ್ತಿನಲ್ಲಿ ನಿಜವಾಗಿಯೂ ಬಳಸಲು ಹೊರಟವರು ಯಾರು, ಯಾವಾಗ ಎಂಬುದನ್ನು ಗಮನಿಸಿ: ದುಡ್ಡು ವಾಪಸು ಕೊಡಬೇಕಾಗಿ ಬಂದಾಗ, ಕೊಡಬೇಕಾದವರು.

ಇಷ್ಟಕ್ಕೆ ಚರ್ಚೆ ಮುಗಿಯುತ್ತಿತ್ತು, ಯಂತ್ರಗಳು ಬರೆದಿಟ್ಟಂತೆ ಮಾತ್ರ ನಡೆಯುವ ಹಾಗಿದ್ದರೆ. ದತ್ತಾಂಶದಿಂದ ತಾವೇ ಕಲಿಯುವ ಯಂತ್ರಗಳ ನಡೆಯನ್ನು ತಯಾರಿಸಿದವರೂ ಮುಂಗಾಣಲಾರರು. ಮುಂಗಾಣಲಾಗದ್ದಕ್ಕೆ ತಯಾರಕರನ್ನು ದೂರುವುದು ಅನ್ಯಾಯ, ಯಂತ್ರವನ್ನು ದೂರುವುದು ಅರ್ಥಹೀನ. ಹೀಗೆ ನಡುವೆ ಹೊಣೆಯೇ ಇಲ್ಲದ ಒಂದು ಕಂದಕ ಏರ್ಪಡುತ್ತದೆ ಎಂದು ತತ್ವಶಾಸ್ತ್ರಜ್ಞ ಆಂಡ್ರಿಯಾಸ್ ಮಟಿಯಾಸ್ 2004ರಲ್ಲೇ ಎಚ್ಚರಿಸಿದ್ದರು. ಕಂದಕ ಇದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಲಿಯುವ ಯಂತ್ರವನ್ನು ಎಷ್ಟು ಕಲಿತ ಮೇಲೆ ಬೀದಿಗೆ ಬಿಡಬೇಕೆಂಬುದು ಮುಂಗಾಣಬಹುದಾದ ನಿರ್ಧಾರ, ಅದನ್ನು ಮಾಡುವವರು ಮನುಷ್ಯರು. ಕಚ್ಚುವ ನಾಯಿಯನ್ನು ಹಗ್ಗ ಬಿಚ್ಚಿ ಬಿಟ್ಟವನು, ಅದು ಯಾರನ್ನು ಕಚ್ಚುತ್ತದೆಂದು ನನಗೇನು ಗೊತ್ತಿತ್ತು ಎಂದರೆ ಊರು ಒಪ್ಪುವುದಿಲ್ಲ.

2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದದ್ದು ಈ ದೃಷ್ಟಿಯಿಂದ ಬಹಳ ಬೋಧಪ್ರದ. ಮನುಷ್ಯ ಓಡಿಸುತ್ತಿದ್ದ ಕಾರೊಂದು ಪಾದಚಾರಿ ಮಹಿಳೆಗೆ ಗುದ್ದಿ ಪರಾರಿಯಾಯಿತು; ಆಕೆ ಕ್ರೂಸ್ ಕಂಪನಿಯ ಚಾಲಕರಹಿತ ಟ್ಯಾಕ್ಸಿಯ ಮುಂದೆ ಬಿದ್ದರು. ಟ್ಯಾಕ್ಸಿ ಗುದ್ದಿ ನಿಂತಿತು. ಆಮೇಲೆ, ಅಪಘಾತದ ನಂತರ ರಸ್ತೆಯ ಬದಿಗೆ ಸರಿಯಬೇಕೆಂಬ ನಿಯಮದಂತೆ ಮತ್ತೆ ಚಲಿಸಿ, ತನ್ನ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಆಕೆಯನ್ನು ಸುಮಾರು ಇಪ್ಪತ್ತು ಅಡಿ ಎಳೆದೊಯ್ದಿತು. ಅಡಿಯಲ್ಲಿ ಒಬ್ಬರಿದ್ದಾರೆಂದು ಅದಕ್ಕೆ ಗೊತ್ತಿರಲಿಲ್ಲ. ಆಕೆ ತೀವ್ರವಾಗಿ ಗಾಯಗೊಂಡರೂ ಬದುಕುಳಿದರು. ಕಂಪನಿ ಕೇಂದ್ರ ಸುರಕ್ಷತಾ ಸಂಸ್ಥೆಗೆ ಸಲ್ಲಿಸಿದ ವರದಿಯಲ್ಲಿ ಈ ಎಳೆದೊಯ್ದ ಭಾಗವೇ ಇರಲಿಲ್ಲ. ಕ್ಯಾಲಿಫೋರ್ನಿಯಾ ಪರವಾನಗಿ ಅಮಾನತು ಮಾಡಿತು. ಸುಳ್ಳು ವರದಿ ಕೊಟ್ಟದ್ದನ್ನು 2024ರ ನವೆಂಬರ್‌ನಲ್ಲಿ ಒಪ್ಪಿಕೊಂಡ ಕಂಪನಿ ಐದು ಲಕ್ಷ ಡಾಲರ್ ದಂಡ ತೆತ್ತಿತು. ಎಳೆದದ್ದು ಯಂತ್ರ, ಮುಚ್ಚಿಟ್ಟದ್ದು ಮನುಷ್ಯರು. ಮೊದಲನೆಯದಕ್ಕೆ ದುರಸ್ತಿ ಸಾಕು, ಎರಡನೆಯದಕ್ಕೆ ಮಾತ್ರ ‘ತಪ್ಪು’ ಎಂಬ ಪದ ಪೂರ್ಣ ಅರ್ಥದಲ್ಲಿ ಹೊಂದುತ್ತದೆ.

ಬ್ರೇಕ್ ತಪ್ಪಿದ ಕಾರು ಮುದುಕನಿಗೆ ಗುದ್ದಬೇಕೋ ಮಗುವಿಗೋ ಎಂಬ ಒಗಟುಗಳು ಈ ವಿಷಯದಲ್ಲಿ ಅತಿ ಹೆಚ್ಚು ಪ್ರಚಾರ ಪಡೆದಿವೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಪ್ರಶ್ನೆಗಳನ್ನು ಅಂತರ್ಜಾಲದಲ್ಲಿಟ್ಟು, 233 ದೇಶ ಮತ್ತು ಪ್ರದೇಶಗಳಿಂದ ಸುಮಾರು ನಾಲ್ಕು ಕೋಟಿ ಉತ್ತರ ಸಂಗ್ರಹಿಸಿ 2018ರಲ್ಲಿ ಪ್ರಕಟಿಸಿದರು. ಒಟ್ಟಾರೆ ಒಲವು ಎಳೆಯರನ್ನು ಉಳಿಸುವ ಕಡೆಗಿತ್ತು. ಅದಕ್ಕೆ ಒಂದು ವರ್ಷ ಮೊದಲೇ ಜರ್ಮನಿಯ ನೀತಿ ಆಯೋಗ ತನ್ನ ಇಪ್ಪತ್ತು ನಿಯಮಗಳಲ್ಲಿ, ವಯಸ್ಸು ಲಿಂಗಗಳ ಆಧಾರದಲ್ಲಿ ಯಾರನ್ನು ಉಳಿಸಬೇಕೆಂದು ಯಂತ್ರ ಆರಿಸುವುದನ್ನು ನಿಷೇಧಿಸಬೇಕೆಂದಿತ್ತು. ನನಗೆ ಜರ್ಮನರ ಮಾತು ಸರಿಯೆನಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಎದುರಿಗಿರುವುದು ಮನುಷ್ಯಳೋ ಸೈಕಲ್ಲೋ ತಿಳಿಯದ ಕಾರಿನ ಮುಂದೆ ಈ ಒಗಟು ಇಡುವುದೇ ತುಸು ಹಾಸ್ಯಾಸ್ಪದ.

ಹಾಸ್ಯಕ್ಕೆ ಎಡೆಯಿಲ್ಲದ ಕ್ಷೇತ್ರ ಯುದ್ಧ. ಸ್ವಯಂಚಾಲಿತ ಶಸ್ತ್ರ ತಪ್ಪು ಗುರಿಯನ್ನು ಕೊಂದರೆ ಯುದ್ಧಾಪರಾಧಕ್ಕಾಗಿ ಯಾರನ್ನೂ ನ್ಯಾಯವಾಗಿ ಹಿಡಿಯಲಾಗುವುದಿಲ್ಲ, ಆದ್ದರಿಂದಲೇ ಅಂಥ ಶಸ್ತ್ರ ಅನೈತಿಕ ಎಂದು ತತ್ವಶಾಸ್ತ್ರಜ್ಞ ರಾಬರ್ಟ್ ಸ್ಪ್ಯಾರೋ 2007ರಲ್ಲಿ ವಾದಿಸಿದ್ದರು. ಇಂಥ ಶಸ್ತ್ರಗಳ ಬಗ್ಗೆ ಕಳವಳ ವ್ಯಕ್ತಪಡಿಸಿ ದೇಶಗಳ ಅಭಿಪ್ರಾಯ ಕೇಳುವ ನಿರ್ಣಯವೊಂದು 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 152 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಿದ್ದ ನಾಲ್ಕು ಮತಗಳಲ್ಲಿ ಒಂದು ಭಾರತದ್ದು. ಇದರ ಬಗ್ಗೆ ನಮ್ಮಲ್ಲಿ ಎಷ್ಟು ಚರ್ಚೆಯಾಯಿತು ಎಂದು ಕೇಳಿಕೊಂಡರೆ ಉತ್ತರ ಹಿತವಾಗಿಲ್ಲ.

ಯಂತ್ರಗಳನ್ನೇ ಬೇಡವೆನ್ನುವ ವಾದ ಇದಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕುಡಿಯದ, ತೂಕಡಿಸದ, ಸಿಟ್ಟಿಗೇಳದ ಚಾಲಕ ಸಿಗುವುದಾದರೆ ಅವನು ಸಿಲಿಕಾನ್‌ನಿಂದ ಮಾಡಿದವನೆಂಬ ಕಾರಣಕ್ಕೆ ಬೇಡವೆನ್ನುವುದು ಕ್ರೂರವಾದೀತು. ಚಾಲಕರ ಕೆಲಸ ಹೋಗುತ್ತದೆಂಬ ಕಾರಣಕ್ಕೆ ಚಾಲಕರಹಿತ ಕಾರುಗಳಿಗೆ ಅವಕಾಶವಿಲ್ಲವೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2023ರಲ್ಲಿ ಹೇಳಿದ್ದರು. ಆ ನಿಲುವು ಎಷ್ಟು ಕಾಲ ಬಾಳುತ್ತದೋ, ಆದರೆ ಬದಲಾದ ದಿನ ನಮಗೆ ಬೇಕಾಗುವುದು ಬ್ರಿಟನ್ ತನ್ನ 2024ರ ಕಾಯಿದೆಯಲ್ಲಿ ಮಾಡಿಕೊಂಡಂಥ ವ್ಯವಸ್ಥೆ. ಕಾರು ತಾನಾಗಿ ಓಡುತ್ತಿರುವಾಗ ಅದರ ಓಟಕ್ಕೆ ಸೀಟಿನಲ್ಲಿ ಕೂತವರು ಹೊಣೆಯಲ್ಲ. ಮೊದಲೇ ಹೆಸರು ಕೊಟ್ಟು ಅನುಮತಿ ಪಡೆದ ಸಂಸ್ಥೆ ಉತ್ತರ ಹೇಳಬೇಕು. ಪ್ರಯೋಜಕ ಕರ್ತೃವನ್ನು ಅಪಘಾತವಾದ ಮೇಲೆ ಹುಡುಕುವ ಬದಲು, ಬೀದಿಗಿಳಿಯುವ ಮೊದಲೇ ಅವನಿಂದ ಬರೆಸಿಟ್ಟುಕೊಳ್ಳುವ ಕ್ರಮವಿದು.

ಕರ್ನಾಟಕದ ಮಟ್ಟಿಗೆ ಇದು ದೂರದ ಮಾತಲ್ಲ. ಬಾಷ್, ಮರ್ಸಿಡಿಸ್ ಬೆಂಜ್‌ನಂಥ ಸಂಸ್ಥೆಗಳ ದೊಡ್ಡ ತಾಂತ್ರಿಕ ಕೇಂದ್ರಗಳು ಬೆಂಗಳೂರಿನಲ್ಲಿವೆ. ಜಗತ್ತಿನ ರಸ್ತೆಗಳಲ್ಲಿ ಓಡುವ ಕಾರುಗಳ ಸಾಫ್ಟ್‌ವೇರ್‌ನ ಸಾಲುಗಳನ್ನು ನಮ್ಮ ನಡುವಿನವರೇ ಬರೆಯುತ್ತಿದ್ದಾರೆ. ಟೆಂಪಿಯ ಆ ಒಂದು ಸೆಕೆಂಡು ಕೂಡ ಎಲ್ಲೋ ಒಂದು ಕಡತದಲ್ಲಿ ಒಂದು ಅಂಕಿಯಾಗಿ ಕೂತಿದ್ದಿರಬೇಕು. ಅದನ್ನು ಯಾರೋ ಸೂಚಿಸಿದರು, ಯಾರೋ ಟೈಪ್ ಮಾಡಿದರು, ಯಾರೋ ನೋಡಿ ಒಪ್ಪಿಗೆ ಕೊಟ್ಟರು. ಅಂಥ ಪ್ರತಿ ಬದಲಾವಣೆಯ ಪಕ್ಕದಲ್ಲೂ ಮಾಡಿದವರ ಹೆಸರು, ದಿನಾಂಕ, ಹೊತ್ತು ದಾಖಲಾಗುವುದು ಸಾಫ್ಟ್‌ವೇರ್ ಕಚೇರಿಗಳ ನಿತ್ಯದ ಪದ್ಧತಿ. ವಿಚಾರಣೆ ನಡೆಸುವವರು ಆ ದಾಖಲೆಯನ್ನು ತೆರೆದು ನೋಡುವ ಅಧಿಕಾರವನ್ನು ಕಾನೂನಿನಲ್ಲಿ ಬರೆಯಲಾಗಿದೆಯೇ ಎಂಬುದಷ್ಟೇ ಉಳಿದ ಪ್ರಶ್ನೆ.